ಕಡಲ ದಂಡೆಯ ಮೋಟರ್ ಇನ್ನಿಗೆ ಹೊರಟ ತಮ್ಮನಿಗೆ

ತಮ್ಮಾ, ನಿನ್ನ ಮಗ ಮೆಲ್ಬರ್ನಿನಿಂದ ಫೋನ್ ಮಾಡಿ, ಗ್ರೇಟ್ ಓಶನ್ ರೋಡಿನ ಮೇಲೆ ಸಮುದ್ರದ ದಂಡೆಗಿರುವ ಮೋಟರ್ ಇನ್ನೊಂದರಲ್ಲಿ ಎರಡು ರಾತ್ರಿಗೆ ಖೋಲಿ ಹಿಡಿದಿದ್ದಾನಂತೆ. ನೀವಿಬ್ಬರೂ "ನಮಗ್ಯಾಕಪಾ ಅಷ್ಟು ಖರ್ಚು, ಮನ್ಯಾಗ ಇರ್ತೀವಿ" ಅಂದಿರಂತೆ. ಹಾಗನ್ನಬೇಡಿ. ನಮ್ಮ ಮುಂಡರಗಿ ಕಡೆಯ ಎಷ್ಟೋ ತಂದೆ-ತಾಯಿ ಪರದೇಶಕ್ಕೆ ಹೋಗಿ, ಮಕ್ಕಳ ಮನೆಯ ನಾಲ್ಕು ಗೋಡೆಯ ನಡುವೆ ತಿಂಗಳುಗಟ್ಟಲೆ ಕೂತು, ಏನೂ ನೋಡದೆ ತಿರುಗಿ ಬಂದಿದ್ದಾರೆ. ಕಾರಣ ಬಡತನವಲ್ಲ, ಸಂಕೋಚ. ಬಾಯಿಬಿಟ್ಟು ಹೇಳಲು, ಕೇಳಲು ಸಂಕೋಚ. ಅದನ್ನು ಮುಂಡರಗಿಯಲ್ಲೇ ಬಿಟ್ಟು ವಿಮಾನ ಹತ್ತಿರಿ ಎಂದು ಹೇಳಲಿಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಹೇಳುವ ಕೆಲಸ ವಿಮಾನದಿಂದಲೇ ಶುರುವಾಗುತ್ತದೆ. ಇಳಿಯುವ ಮುಂಚೆ ತುಂಬಬೇಕಾದ ಕಾರ್ಡಿನಲ್ಲಿ ತಿನ್ನುವ ಪದಾರ್ಥ, ಬೀಜ, ಎಲೆ, ಕಟ್ಟಿಗೆಯ ಸಾಮಾನು ಏನಾದರೂ ಇದೆಯೇ ಎಂದು ಕೇಳಿರುತ್ತಾರೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ದಿದ್ದರೆ ಹೌದು ಎಂದೇ ಬರೆಯಿರಿ. ಹೇಳಿದವರಿಗೆ ದಂಡವಿಲ್ಲ, ಅಧಿಕಾರಿ ಬಿಚ್ಚಿ ನೋಡಿ, ಒಯ್ಯಬಹುದಾದದ್ದನ್ನು ಕೊಡುತ್ತಾನೆ, ಬಾರದ್ದನ್ನು ತೆಗೆದಿಡುತ್ತಾನೆ. ಮುಚ್ಚಿಟ್ಟು ಸಿಕ್ಕರೆ ದಂಡ ಭಾರಿ, ವೀಸಾ ರದ್ದಾಗುವುದೂ ಉಂಟು. ಮನೆಯ ತುಪ್ಪ, ಖವೆಯ ಪೇಢೆ, ಹಸಿ ಕರಿಬೇವು, ಪೂಜೆಗೆಂದು ಬಿಲ್ವಪತ್ರಿ, ಹೂವು ಬೇಡವೇ ಬೇಡ. ಗುಳಿಗೆಗಳು ನಿಮ್ಮ ಹೆಸರಿನ ಚೀಟಿಯ ಜೊತೆ, ಅಂಗಡಿಯ ಮೂಲ ಪಾಕೀಟಿನಲ್ಲೇ ಇರಲಿ. ಮೂರು ತಿಂಗಳಿಗೆ ಸಾಕಾಗುವಷ್ಟು ಒಯ್ಯಬಹುದು. ಅಲ್ಲಿನ ಔಷಧಿ ಅಂಗಡಿಯವರು ಗದಗಿನ ಡಾಕ್ಟರರ ಚೀಟಿ ನೋಡಿ ಬಿ.ಪಿ. ಗುಳಿಗೆ ಕೊಡುವುದಿಲ್ಲ, ಇದು ನೆನಪಿರಲಿ. ಪ್ರವಾಸ ವಿಮೆಯನ್ನಂತೂ ಮಾಡಿಸಲೇಬೇಕು.

ಇನ್ನು ಆ ಇನ್ನಿನ ವಿಷಯ. ಇಂಥ ವಸತಿ ಕಾರಿನಲ್ಲಿ ದೂರ ಹೋಗುವವರಿಗಾಗಿ ಹುಟ್ಟಿದ್ದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಯಾನ್ ಲೂಯಿಸ್ ಒಬಿಸ್ಪೊ ಎಂಬ ಊರಿನಲ್ಲಿ 1925ರಲ್ಲಿ ಮೊದಲನೆಯದು ತೆರೆಯಿತು. ಕಾರನ್ನು ಖೋಲಿಯ ಬಾಗಿಲ ಮುಂದೆಯೇ ನಿಲ್ಲಿಸುತ್ತೀರಿ, ಸಾಮಾನು ನೀವೇ ಒಳಗೆ ಒಯ್ಯುತ್ತೀರಿ. ಧರ್ಮಸ್ಥಳ, ಗೋಕರ್ಣದ ಲಾಡ್ಜಿನ ಹಾಗೆ ಗಂಟೆ ಒತ್ತಿದರೆ ಓಡಿಬರುವ ಹುಡುಗ ಇಲ್ಲ. ಎಷ್ಟೋ ಕಡೆ ಗಂಡ-ಹೆಂಡತಿ ಇಬ್ಬರೇ ಇಡೀ ಇನ್ನನ್ನು ನಡೆಸುತ್ತಾರೆ; ಬೆಳಿಗ್ಗೆ ಹಾಸಿಗೆ ಬದಲಿಸುವವಳೂ, ಸಂಜೆ ಕೀಲಿ ಕೊಡುವವಳೂ ಒಬ್ಬಳೇ ಆಗಿರಬಹುದು. ರಾತ್ರಿ ಎಂಟಕ್ಕೆಲ್ಲ ಅವರ ಕಚೇರಿ ಮುಚ್ಚುತ್ತದೆ. ತಡವಾಗುವಂತಿದ್ದರೆ ಮಗ ಮೊದಲೇ ಫೋನ್ ಮಾಡಿ ಹೇಳಲಿ, ಗೋಡೆಯ ಮೇಲಿನ ಪುಟ್ಟ ಪೆಟ್ಟಿಗೆಯಲ್ಲಿ ಕೀಲಿ ಇಟ್ಟು ಅದರ ನಂಬರ್ ಕಳಿಸುತ್ತಾರೆ. ಮರುದಿನ ಹತ್ತು ಗಂಟೆಗೆ ಬಿಡಬೇಕೆಂದರೆ ಹತ್ತಕ್ಕೇ ಬಿಡಬೇಕು. ಮೊಣಕಾಲು ನೋವಿದ್ದರೆ ಕೆಳಗಿನ ಖೋಲಿ ಬೇಕೆಂದು ಕಾದಿರಿಸುವಾಗಲೇ ಹೇಳಿಸಿ. ಅಂಥ ಇನ್ನುಗಳಲ್ಲಿ ಹೆಚ್ಚಾಗಿ ಲಿಫ್ಟ್ ಇರುವುದಿಲ್ಲ.

ನಿನ್ನ ಹೆಂಡತಿ, ನನಗೆ ತಂಗಿಯಂಥವಳು, ನಸುಕಿನಲ್ಲೇ ಮಿಂದು ಲಿಂಗಪೂಜೆ ಮಾಡುವವಳು, ಅದನ್ನು ಅಲ್ಲಿಯೂ ಬಿಡುವುದು ಬೇಡ. ಆದರೆ ಊದಿನಕಡ್ಡಿ, ಕರ್ಪೂರ ಹಚ್ಚಬಾರದು. ಮಾಳಿಗೆಗೆ ಅಂಟಿಸಿರುವ ಹೊಗೆಯ ಗಂಟೆ ಕೂಗಿಕೊಂಡರೆ ಅಕ್ಕಪಕ್ಕದವರೆಲ್ಲ ಎದ್ದು ಬರುತ್ತಾರೆ, ಕೆಲವು ಕಡೆ ಅಗ್ನಿಶಾಮಕದವರೇ ಬಂದು ಅದರ ಖರ್ಚು ನಿಮ್ಮ ತಲೆಗೆ ಬೀಳುತ್ತದೆ. ಭಸ್ಮ, ನೀರು ಸಾಕು. ಒಗ್ಗರಣೆಯ ಮಾತೂ ಅಷ್ಟೇ: ಖೋಲಿಯಲ್ಲಿ ಕೆಟಲ್ ಇರುತ್ತದೆ, ಸಣ್ಣ ಫ್ರಿಜ್ ಇರುತ್ತದೆ, ಚಹಾದ ಸಾಮಾನು ಇಟ್ಟಿರುತ್ತಾರೆ, ಒಲೆ ಇಲ್ಲದ ಖೋಲಿಯಲ್ಲಿ ಅಡುಗೆ ಮಾಡಲು ಹೋಗಬಾರದು. ಕೆಟಲಿನಲ್ಲಿ ನೀರು ಬಿಟ್ಟು ಬೇರೇನೂ ಕುದಿಸಬೇಡಿ, ನಿಮ್ಮ ನಂತರ ಬರುವವರೂ ಅದರಲ್ಲೇ ಚಹಾದ ನೀರು ಕಾಸಬೇಕು. ಬಚ್ಚಲಿನಲ್ಲಿ ನೀರು ಚೆಲ್ಲಿದರೆ ಹೊರಗಿನ ನೆಲಹಾಸು ತೋಯುತ್ತದೆ, ಪರದೆಯನ್ನು ಒಳಗೆಳೆದುಕೊಂಡೇ ಸ್ನಾನ ಮಾಡಿ. ಪಾಯಖಾನೆಯಲ್ಲಿ ನೀರಿನ ನಳ ಇರುವುದಿಲ್ಲ, ಒಂದು ಪ್ಲಾಸ್ಟಿಕ್ ಮಗ್ ಚೀಲದಲ್ಲಿರಲಿ. ಈ ಮಾತು ಯಾರೂ ಹೇಳುವುದಿಲ್ಲ, ಆದರೆ ವಯಸ್ಸಾದವರಿಗೆ ಎಲ್ಲಕ್ಕಿಂತ ಹೆಚ್ಚು ಪೇಚಾಟ ಇದರದ್ದೇ.

ಹಳೆಯ ಇನ್ನುಗಳಲ್ಲಿ ಒಂದು ಚಂದದ ಪದ್ಧತಿ ಇದೆ. ನಾಳೆ ಮುಂಜಾನೆ ಏನು ತಿನ್ನುತ್ತೀರೆಂದು ಒಂದು ಕಾಗದದಲ್ಲಿ ಗುರುತು ಹಾಕಿ ರಾತ್ರಿಯೇ ಕೊಟ್ಟರೆ, ಬಾಗಿಲ ಪಕ್ಕದ ಗೋಡೆಯಲ್ಲಿರುವ ಚಿಕ್ಕ ಕಿಂಡಿಯೊಳಗೆ ಹೊರಗಿನಿಂದ ತಟ್ಟೆ ಇಟ್ಟು ಹೋಗುತ್ತಾರೆ. ನೀವು ಒಳಗಿನಿಂದ ಕಿಂಡಿಯ ಬಾಗಿಲು ತೆರೆದು ತೆಗೆದುಕೊಳ್ಳುವುದು. ಬರೀ ವೆಜಿಟೇರಿಯನ್ ಅಂದರೆ ಅವರ ಲೆಕ್ಕದಲ್ಲಿ ತತ್ತಿ ನಡೆಯುತ್ತದೆ. ಮಾಂಸ ಬೇಡ, ಮೀನು ಬೇಡ, ತತ್ತಿಯೂ ಬೇಡ ಎಂದು ಮೂರನ್ನೂ ಬಿಡಿಸಿ ಹೇಳಬೇಕು. ರಾತ್ರಿ ಊಟಕ್ಕೆ ಒಂಬತ್ತರವರೆಗೆ ಕಾಯಬೇಡಿ, ಸಣ್ಣ ಊರುಗಳಲ್ಲಿ ಅಷ್ಟರೊಳಗೆ ಅಡುಗೆಮನೆಯ ದೀಪ ಆರಿರುತ್ತದೆ. ಬುತ್ತಿ ಕಟ್ಟಿಕೊಂಡು ಹೋದರೆ ಉತ್ತಮ. ರೊಟ್ಟಿ-ಹಿಂಡಿಗೆ ಒಲೆ ಬೇಕಾಗಿಲ್ಲ.

ಈಗ ಸಮುದ್ರ. ಇದನ್ನು ಗಮನವಿಟ್ಟು ಓದು. ನೀನು ಕೊರ್ಲಹಳ್ಳಿಯಲ್ಲಿ ತುಂಗಭದ್ರೆಗೆ ಇಳಿದು ಈಜಿದವನು, ಬಾವಿಗೆ ಧುಮುಕಿದವನು. ಅದಕ್ಕೇ ನನಗೆ ನಿನ್ನದೇ ಚಿಂತೆ. ಈಜು ಬಾರದವನು ದಂಡೆಯಲ್ಲೇ ನಿಲ್ಲುತ್ತಾನೆ. 1967ರ ಡಿಸೆಂಬರ್ 17ರಂದು ಆಸ್ಟ್ರೇಲಿಯಾದ ಪ್ರಧಾನಮಂತ್ರಿ ಹೆರಾಲ್ಡ್ ಹೋಲ್ಟ್, ಮೆಲ್ಬರ್ನಿಗೆ ದೂರವಲ್ಲದ ಚೆವಿಯಟ್ ಬೀಚಿನಲ್ಲಿ ನೀರಿಗಿಳಿದರು. ಅಧಿಕಾರದಲ್ಲಿದ್ದವರು, ಸಮುದ್ರದಲ್ಲಿ ಪಳಗಿದವರು, ಆ ಜಾಗದ ಪರಿಚಯವೂ ಇದ್ದವರು. ಅವರು ತಿರುಗಿ ಬರಲಿಲ್ಲ. ಎಷ್ಟು ಹುಡುಕಿದರೂ ದೇಹ ಸಿಗಲಿಲ್ಲ.

ನದಿ ಒಂದೇ ದಿಕ್ಕಿಗೆ ಹರಿಯುತ್ತದೆ, ಕಣ್ಣಿಗೆ ಕಾಣುತ್ತದೆ. ಸಮುದ್ರದಲ್ಲಿ ದಂಡೆಗೆ ಬಡಿದ ನೀರು ಒಂದು ಕಡೆ ಒಟ್ಟಾಗಿ, ಕಿರಿದಾದ ದಾರಿ ಮಾಡಿಕೊಂಡು ಹಿಂದಕ್ಕೆ ಹೋಗುತ್ತದೆ. ಆ ಸೆಳೆತ ಇರುವ ಕಡೆ ತೆರೆ ಒಡೆಯುವುದು ಕಡಿಮೆ, ನೀರು ತುಸು ಕಪ್ಪಾಗಿ, ಶಾಂತವಾಗಿ ಕಾಣುತ್ತದೆ. ಹೊಸಬರು ಇಲ್ಲಿ ಅಬ್ಬರವಿಲ್ಲವೆಂದು ಅಲ್ಲಿಯೇ ಇಳಿಯುತ್ತಾರೆ. ಸಿಕ್ಕಿಕೊಂಡವರು ಹೆದರಿ ದಂಡೆಯ ಕಡೆಗೆ ಎದುರೀಜಿ ಸುಸ್ತಾಗಿ ಮುಳುಗುತ್ತಾರೆ. ಕಾವಲಿರುವ ಬೀಚಿನಲ್ಲಿ ಕೆಂಪು-ಹಳದಿಯ ಎರಡು ಬಾವುಟ ನೆಟ್ಟಿರುತ್ತಾರೆ. ಅವೆರಡರ ನಡುವೆಯೇ ನೀರಿಗಿಳಿಯಬೇಕು. ಬಾವುಟ ಇಲ್ಲದಿದ್ದರೆ ಮೊಣಕಾಲುದ್ದದ ನೀರಿಗೂ ಹೋಗಬೇಡ, ಎದುರಿಗೆ ಯಾರು ಈಜುತ್ತಿದ್ದರೂ ಸರಿ. ಕಾವಲು ವರ್ಷವಿಡೀ ಎಲ್ಲ ಕಡೆ ಇರುವುದಿಲ್ಲ. ಎಲ್ಲಿ ಬಾವುಟ ನೆಟ್ಟಿದ್ದಾರೆಂದು ಇನ್ನಿನವರನ್ನೇ ಕೇಳು, ಆ ನೀರಿನ ಗುಣ ಅವರಿಗೆ ಗೊತ್ತು. ಒಂದು ವೇಳೆ ಸೆಳೆತಕ್ಕೆ ಸಿಕ್ಕರೆ ಅದರೊಂದಿಗೆ ಗುದ್ದಾಡಬೇಡ. ಅಂಗಾತ ತೇಲು, ಕೈ ಎತ್ತು, ಕೂಗು. ಶಕ್ತಿ ಇದ್ದರೆ ದಂಡೆಗೆ ಸಮಾನಾಂತರವಾಗಿ ಈಜಿ ಸೆಳೆತದ ಪಕ್ಕಕ್ಕೆ ಸರಿ. ಕೂಗಲು ನಾಚಿಕೆ ಪಡಬೇಡ, ತಮ್ಮಾ. ದಂಡೆಯ ಮೇಲಿದ್ದವರು 000 ನಂಬರಿಗೆ ಫೋನ್ ಮಾಡಬೇಕು.

ಬಂಡೆಯಂಚಿನದೂ ಇದೇ ಮಾತು. ನೀವು ಹೋಗುವ ಗ್ರೇಟ್ ಓಶನ್ ರೋಡನ್ನು ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು, ಯುದ್ಧದಲ್ಲಿ ಸತ್ತ ತಮ್ಮ ಗೆಳೆಯರ ನೆನಪಿಗೆಂದು 1919ರಿಂದ 1932ರವರೆಗೆ ಕಡಿದರು. ಟ್ವೆಲ್ವ್ ಅಪಾಸಲ್ಸ್ ಎಂಬ ಸುಣ್ಣಕಲ್ಲಿನ ಕಂಬಗಳನ್ನು ನೋಡಲು ಜಗತ್ತೆಲ್ಲ ಅಲ್ಲಿಗೆ ಬರುತ್ತದೆ. ಅವುಗಳಲ್ಲಿ ಒಂದು 2005ರಲ್ಲಿ ಕುಸಿದು ಬಿತ್ತು. ಹತ್ತಿರದಲ್ಲೇ ಲಂಡನ್ ಬ್ರಿಜ್ ಎಂಬ ಕಲ್ಲಿನ ಕಮಾನು 1990ರಲ್ಲಿ ಬಿದ್ದಾಗ ಇಬ್ಬರು ಆಚೆ ತುದಿಯಲ್ಲಿ ಸಿಕ್ಕಿಕೊಂಡು, ಹೆಲಿಕಾಪ್ಟರ್ ಬಂದು ಕರೆತರಬೇಕಾಯಿತು. ನಮ್ಮ ಕಪ್ಪತಗುಡ್ಡದ ಕಲ್ಲಿನ ಗಟ್ಟಿತನ ಆ ಸುಣ್ಣಕಲ್ಲಿಗಿಲ್ಲ. ಫೋಟೋಕ್ಕಾಗಿ ಬೇಲಿ ದಾಟಬೇಡಿ, ಜೊತೆಗೆ ಬರುವ ಮೊಮ್ಮಗಳ ಕೈ ಬಿಡಬೇಡಿ.

ನೀವು ಹೋಗುವ ಮೇ ತಿಂಗಳು ನಮಗೆ ಬೇಸಿಗೆ, ಅವರಿಗೆ ಚಳಿಗಾಲದ ಬಾಗಿಲು. ಕಿವಿ ಮುಚ್ಚುವ ಟೊಪ್ಪಿಗೆ, ಸ್ವೆಟರ್, ಜಾರದ ಬೂಟು ಇಟ್ಟುಕೊಳ್ಳಿ. ಹೊತ್ತು ಮುಳುಗುವುದರೊಳಗೆ ಇನ್ನನ್ನು ಸೇರಿಬಿಡಿ; ಕತ್ತಲಾಗುವಾಗ ಕಾಂಗರೂಗಳು ರಸ್ತೆಗೆ ಹಾರುತ್ತವೆ, ಕಾರು ನಡೆಸುವ ಮಗನಿಗೆ ಇದನ್ನು ನೀವೇ ನೆನಪು ಮಾಡಿ. ಊರಿನವರಿಗೂ ಒಂದು ಮಾತು ಹೇಳಿ ಹೋಗಿ: ಇಲ್ಲಿ ರಾತ್ರಿ ಒಂಬತ್ತಾದಾಗ ಅಲ್ಲಿ ನಡುರಾತ್ರಿ ಒಂದೂವರೆ. ಆ ಹೊತ್ತಿನಲ್ಲಿ ಫೋನ್ ಬಂದು ನೀವು ದೊಡ್ಡ ದನಿಯಲ್ಲಿ ಮಾತಾಡಿದರೆ ತೆಳ್ಳನೆಯ ಗೋಡೆಯಾಚೆ ಮಲಗಿದವರು ಏಳುತ್ತಾರೆ. ಹೊರಡುವಾಗ ಹಾಸಿಗೆ ನೀವೇ ಮಡಚಬೇಕಿಲ್ಲ, ಕೀಲಿ ಮಾತ್ರ ಮರೆಯದೆ ಕೊಟ್ಟು, ಇನ್ನಿನವರಿಗೆ ನಮಸ್ಕಾರ ಹೇಳಿ ಬನ್ನಿ.

ಖರ್ಚಿನ ಮಾತು ಮಗನ ಮುಂದೆ ಮತ್ತೆ ಎತ್ತಬೇಡ. ನಾಳೆಯೇ ಫೋನ್ ಮಾಡಿ ಬರುತ್ತೇವೆ ಅನ್ನು, ಕೆಳಗಿನ ಖೋಲಿಯನ್ನೂ ಕೇಳು. ಹೊರಡುವ ಮುಂಚೆ ಒಂದು ಸಂಜೆ ಇಬ್ಬರೂ ಮನೆಗೆ ಬನ್ನಿ. ವಿಮಾನದ ಕಾರ್ಡು ಹೇಗಿರುತ್ತದೆಂದು ಒಂದು ಹಾಳೆಯ ಮೇಲೆ ಬರೆದು ತೋರಿಸುತ್ತೇನೆ, ತಂಗಿಯ ಕೈಯಿಂದಲೇ ತುಂಬಿಸೋಣ.