ಇಂದಿನ ಧಮ್ಮ ಚಿಂತನೆ: ಋಣವಿಲ್ಲದ ಸುಖ





ಕಳೆದ ಭಾನುವಾರ ನಮ್ಮ ಬಿಟಿಎಂ ಲೇಔಟ್ ಅಧ್ಯಯನ ಕೂಟದಲ್ಲಿ ತ್ರಿಸರಣ, ಪಂಚಶೀಲ ಮುಗಿದು ಚಹಾ ಕುಡಿಯುವಾಗ ತರುಣ ಉಪಾಸಕರೊಬ್ಬರು ಕೇಳಿದರು: "ಮೇಡಂ, ಕ್ರೆಡಿಟ್ ಕಾರ್ಡ್ ಬಗ್ಗೆ ಬುದ್ಧರು ಏನಾದರೂ ಹೇಳಿದ್ದಾರಾ?" ಎಲ್ಲರೂ ನಕ್ಕರು. ಕೇಳಿದವರು ನಗಲಿಲ್ಲ. ಕೂಟ ಮುಗಿದ ಮೇಲೆ ಬಸ್ ಸ್ಟಾಪಿನವರೆಗೆ ನನ್ನ ಜೊತೆ ನಡೆದು ಬಂದು ತಮ್ಮ ಕಷ್ಟ ಹೇಳಿಕೊಂಡರು. ಅವರ ಕಥೆ ಅವರದು, ಅದನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಅವರ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ನಾನು ನನ್ನ ಕಥೆಯನ್ನಾದರೂ ಹೇಳಬೇಕು. ಅದಕ್ಕೆ ಮೊದಲು ಸುತ್ತಗಳಲ್ಲಿ ಏನಿದೆ ಎಂದು ನೋಡೋಣ.

*1. ಗೃಹಸ್ಥರಿಗೆ ತಥಾಗತರ ಮಾತು*

ಅಂಗುತ್ತರ ನಿಕಾಯದಲ್ಲಿ ದೀಘಜಾಣು ಎಂಬ ಕೋಲಿಯ ಗೃಹಸ್ಥನ ಪ್ರಸಂಗ ಬರುತ್ತದೆ. ಆತ ಬುದ್ಧರ ಬಳಿ ಬಂದು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುತ್ತಾನೆ: ನಾವು ಹೆಂಡತಿ ಮಕ್ಕಳೊಂದಿಗೆ ಬದುಕುವವರು, ಗಂಧ ಹಚ್ಚುತ್ತೇವೆ, ಹೂ ಮುಡಿಯುತ್ತೇವೆ, ಬೆಳ್ಳಿ ಬಂಗಾರ ಇಟ್ಟುಕೊಳ್ಳುತ್ತೇವೆ, ನಮ್ಮಂಥವರಿಗೆ ಹಿತವಾಗುವ ಧಮ್ಮವನ್ನು ತಿಳಿಸಿ ಎಂದು. ಬುದ್ಧರು ಅವನಿಗೆ ಗಂಧ ಬಿಡು, ಹೂ ಬಿಡು ಎನ್ನಲಿಲ್ಲ. ನಾಲ್ಕು ವಿಷಯ ಹೇಳಿದರು. ಶ್ರಮಪಟ್ಟು ದುಡಿ. ದುಡಿದದ್ದನ್ನು ಕಾಪಾಡು. ಒಳ್ಳೆಯ ಗೆಳೆಯರ ಜೊತೆ ಇರು. ಆದಾಯ ಎಷ್ಟು, ಖರ್ಚು ಎಷ್ಟು ಎಂದು ತಿಳಿದು ಸಮವಾಗಿ ಬದುಕು. ಈ ಕೊನೆಯದಕ್ಕೆ ಪಾಳಿಯಲ್ಲಿ *ಸಮಜೀವಿತಾ* ಎಂದು ಹೆಸರು. ತಕ್ಕಡಿ ಹಿಡಿದವನಿಗೆ ತಟ್ಟೆ ಎಷ್ಟು ತಗ್ಗಿತು, ಎಷ್ಟು ಏರಿತು ಎಂದು ತಿಳಿದಿರುವಂತೆ ಗೃಹಸ್ಥನಿಗೆ ತನ್ನ ಲೆಕ್ಕ ತಿಳಿದಿರಬೇಕು.

ಅಲ್ಲೇ ಇನ್ನೆರಡು ಹೋಲಿಕೆಗಳಿವೆ. ಆದಾಯ ಕಡಿಮೆಯಿದ್ದು ದೊಡ್ಡದಾಗಿ ಖರ್ಚು ಮಾಡುವವನು ಅತ್ತಿಹಣ್ಣು ತಿನ್ನುವವನ ಹಾಗೆ. ಮರ ಅಲುಗಾಡಿಸಿ ರಾಶಿ ಹಣ್ಣು ಉದುರಿಸುತ್ತಾನೆ, ನಾಲ್ಕು ತಿಂದು ಉಳಿದದ್ದನ್ನು ಬಿಟ್ಟು ಹೋಗುತ್ತಾನೆ. ಹಣವಿದ್ದೂ ಉಣ್ಣದೆ ಉಡದೆ ಕೂಡಿಡುವವನನ್ನೂ ಬುದ್ಧರು ಮೆಚ್ಚುವುದಿಲ್ಲ. ಇನ್ನೊಂದು ಹೋಲಿಕೆ ಕೆರೆಯದು. ನೀರು ಬರುವ ದಾರಿ ನಾಲ್ಕು, ಹೋಗುವ ದಾರಿ ನಾಲ್ಕು. ಬರುವ ದಾರಿ ಮುಚ್ಚಿ, ಹೋಗುವ ದಾರಿ ತೆರೆದು, ಮಳೆಯೂ ಕೈಕೊಟ್ಟರೆ ಕೆರೆ ಬತ್ತುವುದು ಖಂಡಿತ. ಮಡಿವಾಳ ಕೆರೆಯ ಏರಿ ಮೇಲೆ ಬೆಳಿಗ್ಗೆ ವಾಕಿಂಗ್ ಹೋಗುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಸಾಲದ ಮಾತು. ಅದೇ ಅಂಗುತ್ತರ ನಿಕಾಯದ ಇಣ ಸುತ್ತದಲ್ಲಿ ಒಂದರ ಹಿಂದೆ ಒಂದು ಬರುವ ಆರು ದುಃಖಗಳನ್ನು ಹೇಳಿದೆ:

– ದಾರಿದ್ರ್ಯ
– ಇಣ (ಸಾಲ)
– ವಡ್ಢಿ (ಬಡ್ಡಿ)
– ಚೋದನಾ (ತಗಾದೆ)
– ಅನುಚರಿಯಾ (ಬೆನ್ನು ಹತ್ತುವುದು)
– ಬಂಧನ

ಕನ್ನಡ ಮೇಷ್ಟರಿಗೆ ಇಲ್ಲಿ ಒಂದು ಕ್ಷಣ ನಿಲ್ಲಬೇಕೆನಿಸುತ್ತದೆ. ಪಾಳಿಯ 'ವಡ್ಢಿ' ಮತ್ತು ನಮ್ಮ 'ಬಡ್ಡಿ' ಒಂದೇ ಮೂಲದ ಪದಗಳು. ಸಂಸ್ಕೃತದ 'ವೃದ್ಧಿ' ಪ್ರಾಕೃತದ ಬಾಯಲ್ಲಿ ಪಳಗಿ ನಮಗೆ ಬಂದದ್ದು. ಬೆಳೆಯುವುದು ಎಂದು ಅರ್ಥ. ಕೊಟ್ಟವನ ಮನೆಯಲ್ಲಿ ಬೆಳೆಯುತ್ತದೆ, ಪಡೆದವನ ಮನೆಯಲ್ಲಿ ಕರಗುತ್ತದೆ.

*2. ನನ್ನ ಸೀರೆ*

ಕೆಲವು ವರ್ಷಗಳ ಹಿಂದೆ ನಾದಿನಿಯ ಮದುವೆಗೆಂದು ಒಂದು ದೊಡ್ಡ ಸೀರೆ ಅಂಗಡಿಗೆ ಹೋಗಿದ್ದೆ. ಪರ್ಸಿನಲ್ಲಿ ಆರು ಸಾವಿರ ಇತ್ತು, ಅಷ್ಟರಲ್ಲೇ ತರುವುದೆಂದು ನಿರ್ಧಾರವೂ ಆಗಿತ್ತು. ಗಾಜಿನ ಹಿಂದಿದ್ದ ಒಂದು ಸೀರೆಯನ್ನು ಸುಮ್ಮನೆ ನೋಡುತ್ತಾ ನಿಂತಿದ್ದೆ. ಅಂಗಡಿಯ ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅದು ಜಾಸ್ತಿ ರೇಟಿಂದು ಮೇಡಂ, ಕಡಿಮೆದು ಆ ಕಡೆ ಇದೆ" ಎಂದ.

ಅವನಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ಆ ಮಾತಿನಲ್ಲಿ ಜಾತಿ ಇತ್ತೋ ಇಲ್ಲವೋ ನನಗೂ ಗೊತ್ತಿಲ್ಲ. ಕೇಳಿದ ಕಿವಿಯಲ್ಲಿ ಮಾತ್ರ ಮೂರು ತಲೆಮಾರಿನ ನೆನಪಿತ್ತು. "ಅದನ್ನೇ ಪ್ಯಾಕ್ ಮಾಡಿ" ಎಂದೆ. ಹದಿನೆಂಟು ಸಾವಿರದ ಐನೂರು. ಕಾರ್ಡ್ ಉಜ್ಜಿದೆ. ಆ ಸೀರೆಯನ್ನು ಇವತ್ತಿನವರೆಗೆ ಉಟ್ಟದ್ದು ಎರಡೇ ಸಲ.

ಆ ಸೀರೆಯೊಂದೇ ಆಗಿದ್ದರೆ ತೀರಿಸಿಬಿಡುತ್ತಿದ್ದೆ. ಆ ದಿನದಿಂದ ನನಗೊಂದು ದಾರಿ ಸಿಕ್ಕಿತು. ಸ್ಟಾಫ್ ರೂಮಿನಲ್ಲಿ ಯಾರೋ ಏನೋ ಅಂದರೆ ಸಂಜೆ ಫೋನಿನಲ್ಲಿ ಏನೋ ಒಂದು ಆರ್ಡರ್. ಮಗಳ ಗೆಳತಿಯರ ಬಳಿ ಇರುವ ಶೂ, ಮನೆಗೊಂದು ದೊಡ್ಡ ಟಿವಿ, ರಾತ್ರಿ ಹನ್ನೊಂದಕ್ಕೆ ಹತ್ತು ನಿಮಿಷದಲ್ಲಿ ಬರುವ ಐಸ್‌ಕ್ರೀಂ. ಎರಡು ವರ್ಷದಲ್ಲಿ ಎರಡು ಕಾರ್ಡಿನ ಬಾಕಿ ಸೇರಿ 1,12,000 ರೂಪಾಯಿ ಆಯಿತು. ಮನೆಯವರಿಗೆ ಹೇಳಲಿಲ್ಲ. ಪಾಠ ಮಾಡುವಾಗ ಮೇಜಿನ ಮೇಲೆ ಫೋನ್ ನಡುಗಿದರೆ ನನ್ನ ಕೈಯೂ ನಡುಗುತ್ತಿತ್ತು. ಇಣ ಸುತ್ತದ ನಾಲ್ಕನೆಯ, ಐದನೆಯ ಮೆಟ್ಟಿಲು ಹೇಗಿರುತ್ತವೆಂದು ಆಗ ಗೊತ್ತಾಯಿತು.

ಗುಟ್ಟು ಹೊರಬಿದ್ದದ್ದು ಅವ್ವನಿಂದ. ಊರಿನಿಂದ ಬಂದಿದ್ದಳು. ನಾನು ಸ್ನಾನಕ್ಕೆ ಹೋದಾಗ ಬಂದ ಕರೆಯನ್ನು ಅವಳೇ ತೆಗೆದಳು. ಹೊರಗೆ ಬಂದಾಗ ಕೇಳಿದಳು:

"ನೂರಕ್ಕೆ ಎಷ್ಟು ಬಡ್ಡಿ?"

"ಮೂರೂವರೆ."

"ತಿಂಗಳಿಗಾ?"

"ಹೂಂ ಅವ್ವ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಕ್ಕನ ಮದುವೆಗೆ ನೂರೈವತ್ತು ರೂಪಾಯಿಗೆ ನಮ್ಮಪ್ಪ ಸಾವ್ಕಾರ್ರ ಜಗಲಿ ಕೆಳಗೆ ನಿಂತ್ಕಂಡು ಹೆಬ್ಬೆಟ್ಟು ಒತ್ತಿದ್ರು. ಆರು ವರ್ಷ ನಿಮ್ಮ ಮಾವ ಜೀತಕ್ಕಿದ್ದ. ನಿನ್ನ ಓದ್ಸಿದ್ದು ಹೆಬ್ಬೆಟ್ಟು ಒತ್ತಬಾರದು ಅಂತ. ನೀನು ಈ ಫೋನಿಗೆ ದಿನಾ ಒತ್ತುತೀಯಲ್ಲ ಮಗಾ" ಎಂದಳು.

ಜೀತ ಮತ್ತು ಕಾರ್ಡ್ ಸಾಲ ಒಂದೇ ಎಂದು ನಾನು ಹೇಳುತ್ತಿಲ್ಲ. ತಾತನಿಗೆ ಬೇರೆ ದಾರಿ ಇರಲಿಲ್ಲ, ನನಗೆ ಇತ್ತು. ಜೀತವನ್ನು ರದ್ದು ಮಾಡುವ ಕಾಯ್ದೆ 1976ರಲ್ಲಿ ಬಂತು. ದೇವರಾಜ ಅರಸು ಸರ್ಕಾರದ ಋಣ ಪರಿಹಾರ ಕಾಯ್ದೆ ಬಂದದ್ದೂ ಅದೇ ವರ್ಷ. ಅಷ್ಟು ಕಷ್ಟದಿಂದ ಬಿಡಿಸಿಕೊಂಡ ಕೈಯನ್ನು ನಾನೇ ಮತ್ತೆ ಚಾಚಿದ್ದೆ. ಅವ್ವ ಹೇಳಿದ್ದು ಅದನ್ನೇ.

*3. ಎಲ್ಲಿ ಜಾರಿದೆ?*

ಬಾಬಾಸಾಹೇಬರು 1927ರಲ್ಲಿ ಮಹಾಡದಲ್ಲಿ ನಮ್ಮ ತಾಯಂದಿರಿಗೆ ಹೇಳಿದ್ದು ನೆನಪಿದೆಯಲ್ಲ. ಅಸ್ಪೃಶ್ಯತೆಯ ಗುರುತಾಗಿರುವ ಉಡುಗೆ ತೊಡುಗೆ ಬಿಡಿ, ಸ್ವಚ್ಛವಾಗಿ, ಎಲ್ಲರಂತೆ ಉಡಿ ಎಂದರು. ಅವರ ಸೂಟು ನಮಗೆ ಬರೀ ಬಟ್ಟೆಯಲ್ಲ. ಆದ್ದರಿಂದ ಒಳ್ಳೆಯದನ್ನು ಉಡುವುದು ತಪ್ಪಲ್ಲ. ನಮಗೆ ಬಡತನವನ್ನು ವ್ರತದಂತೆ ಬೋಧಿಸುವವರ ಮಾತನ್ನು ನಾನು ಒಪ್ಪುವುದಿಲ್ಲ.

ಆದರೆ ಅಂದು ನಾನು ಸೀರೆ ಕೊಂಡದ್ದು ಉಡುವುದಕ್ಕಲ್ಲ, ಆ ಹುಡುಗನಿಗೆ ಉತ್ತರ ಕೊಡುವುದಕ್ಕೆ. ಅವನು ಮರುಕ್ಷಣವೇ ನನ್ನನ್ನು ಮರೆತ. ಬಡ್ಡಿ ಕಟ್ಟಿದ್ದು ನಾನು.

ಪಟಿಚ್ಚ ಸಮುಪ್ಪಾದದಲ್ಲಿ ನಾವು ಓದುವ ಸರಪಳಿ ಇದು: ಫಸ್ಸ (ಸ್ಪರ್ಶ), ಅದರಿಂದ ವೇದನಾ, ಅದರಿಂದ ತಣ್ಹಾ, ಅದರಿಂದ ಉಪಾದಾನ. ಕಣ್ಣಿಗೆ ಸೀರೆ, ಕಿವಿಗೆ ಮಾತು ಬಿದ್ದದ್ದು ಸ್ಪರ್ಶ. ಎದೆಯಲ್ಲಿ ಚುಚ್ಚಿದ್ದು ವೇದನೆ. 'ಅದೇ ಬೇಕು' ಎಂದದ್ದು ತೃಷ್ಣೆ. ಕಾರ್ಡ್ ತೆಗೆದದ್ದು ಉಪಾದಾನ. ಸ್ಪರ್ಶವನ್ನು ತಡೆಯಲಾಗದು, ಬೆಂಗಳೂರಿನಲ್ಲಂತೂ ಆಗದು. ವೇದನೆಯೂ ತಾನಾಗಿ ಬರುತ್ತದೆ. ವೇದನೆ ಮತ್ತು ತೃಷ್ಣೆಯ ನಡುವೆ ಮಾತ್ರ ಒಂದು ಚಿಕ್ಕ ಜಾಗವಿದೆ. ಸತಿ ಅಂದರೆ ಎಚ್ಚರ ಕೆಲಸ ಮಾಡಬೇಕಾದದ್ದು ಅಲ್ಲಿ. ಇಂದಿನ ವ್ಯಾಪಾರವೆಲ್ಲ ಆ ಜಾಗವನ್ನೇ ಅಳಿಸುವ ಕಡೆ ನಡೆದಿದೆ. ಮೊದಲು ನೋಟು ಎಣಿಸಬೇಕಿತ್ತು, ಆಮೇಲೆ ಕಾರ್ಡ್ ಉಜ್ಜಿದರೆ ಸಾಕಾಯಿತು, ಈಗ ಬೆರಳಿಟ್ಟರೆ ಮುಗಿಯಿತು. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೂ ಜೋಡಿಸಬಹುದು. ಸ್ಕ್ಯಾನ್ ಮಾಡುವಾಗ ಹೋಗುತ್ತಿರುವುದು ನಮ್ಮ ದುಡ್ಡೋ ಸಾಲದ ದುಡ್ಡೋ ಎಂಬುದೇ ಮರೆತುಹೋಗುತ್ತದೆ.

*4. ತಕ್ಕಡಿ ಹಿಡಿಯೋಣ*

ಬಿಲ್ಲಿನಲ್ಲಿ 'ಮಿನಿಮಮ್ ಡ್ಯೂ' ಎಂದಿರುತ್ತದೆ. ಅದನ್ನು ಕಟ್ಟಿದರೆ ಆಯಿತು ಎಂದು ನಾನೂ ನಂಬಿದ್ದೆ. ಲೆಕ್ಕ ನೋಡಿ.

ಬಾಕಿ 50,000 ಇದೆ ಎನ್ನೋಣ. ತಿಂಗಳಿಗೆ ನೂರಕ್ಕೆ ಮೂರೂವರೆಯಂತೆ ಬಡ್ಡಿ 1,750. ಅದರ ಮೇಲೆ 18% ಜಿಎಸ್‌ಟಿ 315. ಒಟ್ಟು 2,065. ಬಾಕಿಯ 5% ಕನಿಷ್ಠ ಮೊತ್ತವೆಂದು 2,500 ಕಟ್ಟಿದಿರಿ. ಅಸಲಿಗೆ ಹೋದದ್ದು 435 ರೂಪಾಯಿ ಮಾತ್ರ. ಹೊಸದಾಗಿ ಏನನ್ನೂ ಕೊಳ್ಳದೆ ಹೀಗೇ ಒಂದು ವರ್ಷ ಕಟ್ಟಿದರೆ ಕಟ್ಟಿದ್ದು ಸುಮಾರು 28,600, ಕರಗಿದ ಸಾಲ ಸುಮಾರು 5,000.

ಇನ್ನು ಮೂರು ವಿಷಯ ತಿಳಿದಿರಲಿ:

– ಹಿಂದಿನ ಬಿಲ್ಲಿನಲ್ಲಿ ಸ್ವಲ್ಪ ಬಾಕಿ ಉಳಿಸಿದರೂ ಬಡ್ಡಿಯಿಲ್ಲದ ಅವಧಿ ಹೋಗುತ್ತದೆ. ಹೊಸ ಖರೀದಿಗೂ ಬಡ್ಡಿ ಬೀಳುತ್ತದೆ.
– ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆದರೆ ಮೊದಲ ದಿನದಿಂದಲೇ ಬಡ್ಡಿ, ಜೊತೆಗೆ ಶುಲ್ಕ.
– 'ನೋ ಕಾಸ್ಟ್ ಇಎಂಐ' ಎಂಬ ಮಾತಿಗೆ ಮರುಳಾಗಬೇಡಿ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ತಿಳಿಸಿತ್ತು. ಬಡ್ಡಿ ಎಲ್ಲೋ ಒಂದು ಕಡೆ ಬೆಲೆಯೊಳಗೆ ಕೂತಿರುತ್ತದೆ.

'ಪ್ರಾಬ್ಲಂ ಆಫ್ ದಿ ರುಪೀ' ಎಂದು 1923ರಲ್ಲೇ ರೂಪಾಯಿಯ ಮೇಲೆ ಪುಸ್ತಕ ಬರೆದವರ ಅನುಯಾಯಿಗಳು ನಾವು. ನಮ್ಮ ಬಿಲ್ಲನ್ನು ನಾವು ಓದದೆ ಕಟ್ಟಬಾರದು.

*5. ನಾನು ಮಾಡಿದ್ದು, ನೀವು ಮಾಡಬಹುದಾದದ್ದು*

*ಹೇಳಿಕೊಳ್ಳಿ.* ಅಂದು ರಾತ್ರಿಯೇ ಮನೆಯವರಿಗೆ ಎಲ್ಲಾ ಹೇಳಿದೆ. ಅವರು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಪೆನ್ನು ಹಾಳೆ ಹಿಡಿದು ಪಕ್ಕ ಕೂತರು. ಕಲ್ಯಾಣಮಿತ್ರ ಎಂದರೆ ಹೀಗೂ ಇರಬಹುದು.

*ದುಬಾರಿ ಸಾಲವನ್ನು ಮೊದಲು ಕಳೆಯಿರಿ.* ನಾನು ನೌಕರರ ಪತ್ತಿನ ಸಹಕಾರ ಸಂಘದಲ್ಲಿ ವರ್ಷಕ್ಕೆ 12% ಬಡ್ಡಿಯ ಸಾಲ ತೆಗೆದು ಎರಡೂ ಕಾರ್ಡ್ ತೀರಿಸಿದೆ. 24 ಕಂತು. ಅದೂ ಸಾಲವೇ, ಆದರೆ ಅಸಲು ಪ್ರತಿ ತಿಂಗಳೂ ಇಳಿಯುತ್ತದೆ. ಹೀಗೆ ತೀರಿಸಿದ ಮೇಲೆ ಕಾರ್ಡನ್ನು ಮತ್ತೆ ಮುಟ್ಟಿದರೆ ಎರಡು ಸಾಲವಾಗುತ್ತದೆ, ಎಚ್ಚರ.

*ಮೂರು ರಾತ್ರಿ ಕಾಯಿರಿ.* ಬೇಕೆನಿಸಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆಯಿರಿ. ಪಕ್ಕದಲ್ಲಿ ಆ ಹೊತ್ತಿನ ಮನಸ್ಸನ್ನೂ ಬರೆಯಿರಿ: ಸಿಟ್ಟು, ಬೇಸರ, ಅವಮಾನ, ಒಂಟಿತನ. ಮೂರು ರಾತ್ರಿ ಕಳೆದ ಮೇಲೂ ಬೇಕಾದರೆ ಕೊಳ್ಳಿ. ನನ್ನ ನೋಟ್‌ಬುಕ್ಕಿನಲ್ಲಿ ಹೆಚ್ಚಿನವು ಬರೆದಲ್ಲೇ ಉಳಿದಿವೆ.

*ಬೆರಳಿನ ದಾರಿ ಮುಚ್ಚಿ.* ಆ್ಯಪ್‌ಗಳಲ್ಲಿ ಉಳಿಸಿಟ್ಟ ಕಾರ್ಡ್ ವಿವರ ಅಳಿಸಿ. ಕಾರ್ಡಿನ ಲಿಮಿಟ್ ಇಳಿಸುವಂತೆ ಬ್ಯಾಂಕಿಗೆ ಹೇಳಿ. ಎದ್ದು ಹೋಗಿ ಬೀರುವಿನಿಂದ ಕಾರ್ಡ್ ತಂದು ಹದಿನಾರು ಅಂಕಿ ಒತ್ತುವಷ್ಟರಲ್ಲಿ ಅರ್ಧ ತೃಷ್ಣೆ ಇಳಿದಿರುತ್ತದೆ.

*ನಾಲ್ಕು ಪಾಲು ನೆನಪಿಡಿ.* ಸಿಗಾಲೋವಾದ ಸುತ್ತದಲ್ಲಿ ಸಂಪಾದನೆಯ ಒಂದು ಪಾಲು ಅನುಭವಿಸಲು, ಎರಡು ಪಾಲು ಕಸುಬಿಗೆ, ಒಂದು ಪಾಲು ಆಪತ್ತಿಗೆ ಎಂದಿದೆ. ಬಾಡಿಗೆ, ಶಾಲೆಯ ಫೀಸು ಕಟ್ಟುವ ನಮಗೆ ಇದೇ ಅಳತೆ ಹೊಂದದಿರಬಹುದು. ಆದರೆ ಆಪತ್ತಿನ ಪಾಲು ಸೊನ್ನೆಯಾಗಬಾರದು. ಐನೂರಾದರೂ ಸರಿ, ಸಂಬಳ ಬಂದ ದಿನವೇ ಎತ್ತಿಡಿ.

*ಹಕ್ಕು ತಿಳಿದಿರಲಿ.* ರಿಸರ್ವ್ ಬ್ಯಾಂಕಿನ ನಿಯಮದಂತೆ ನೀವು ಕೇಳದೆ ಕಾರ್ಡ್ ಕೊಡುವಂತಿಲ್ಲ. ಬಾಕಿಯಿಲ್ಲದ ಕಾರ್ಡನ್ನು ಮುಚ್ಚಲು ಕೇಳಿದರೆ 7 ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು. ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಬೆದರಿಸುವಂತಿಲ್ಲ, ಮಾನ ಕಳೆಯುವಂತಿಲ್ಲ. ಮೊದಲು ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಸರಿಯಾಗದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಸಹಾಯವಾಣಿ 14448. ಸಾಲ ಮಾಡಿದ್ದೇವೆಂದು ಮಾನ ಅಡವಿಟ್ಟಿಲ್ಲ. ಇದನ್ನು ನಮ್ಮ ತರುಣರು ಮುಖ್ಯವಾಗಿ ನೆನಪಿಡಬೇಕು. ಸಾಲದ ಭಯಕ್ಕೆ ಜೀವಕ್ಕೆ ಕುತ್ತು ತಂದುಕೊಳ್ಳುವ ಯೋಚನೆ ಬಂದರೆ ಆ ಹೊತ್ತೇ ಯಾರನ್ನಾದರೂ ಕರೆಯಿರಿ. ಮಧ್ಯರಾತ್ರಿಯಾದರೂ ನನ್ನನ್ನು ಕರೆಯಿರಿ.

*6. ಕೊನೆಗೆ*

ಅನಾಥಪಿಂಡಿಕನಿಗೆ ಬುದ್ಧರು ಗೃಹಸ್ಥನ ನಾಲ್ಕು ಸುಖಗಳನ್ನು ಹೇಳಿದ್ದಾರೆ. ನ್ಯಾಯವಾಗಿ ದುಡಿದದ್ದು ತನ್ನಲ್ಲಿದೆ ಎಂಬ ಸುಖ. ಅದನ್ನು ಅನುಭವಿಸುವ, ಹಂಚುವ ಸುಖ. ಋಣವಿಲ್ಲದ ಸುಖ. ದೋಷವಿಲ್ಲದ ನಡತೆಯ ಸುಖ. ಮೂರನೆಯದಕ್ಕೆ *ಅನಣ ಸುಖ* ಎಂದು ಹೆಸರು.

ಕೊನೆಯ ಕಂತು ಕಟ್ಟಿದ ದಿನ ಅವ್ವನಿಗೆ ಫೋನ್ ಮಾಡಿ ಹೇಳಿದೆ. "ಸರಿ, ಊಟ ಆಯ್ತಾ?" ಎಂದಳು. ಅಷ್ಟೇ. ಆ ವರ್ಷ ಬುದ್ಧ ಪೂರ್ಣಿಮೆಯ ವಂದನೆಗೆ ಹೋಗುವಾಗ ನನ್ನ ಹಳೆಯ ಬಿಳಿ ಕಾಟನ್ ಸೀರೆಯನ್ನೇ ಇಸ್ತ್ರಿ ಮಾಡಿ ಉಟ್ಟಿದ್ದೆ. ಯಾರಿಗೂ ಉತ್ತರ ಕೊಡಬೇಕು ಅನ್ನಿಸಲಿಲ್ಲ.

*ಇಂದಿನ ಮನನಕ್ಕೆ:*
1. ಕಳೆದ ತಿಂಗಳು ನಾನು ಕೊಂಡದ್ದರಲ್ಲಿ ಯಾವುದು ಬಳಕೆಗೆ, ಯಾವುದು ಯಾರಿಗೋ ಉತ್ತರ ಕೊಡಲಿಕ್ಕೆ?
2. ನನ್ನ ಎಲ್ಲ ಸಾಲದ ಒಟ್ಟು ಮೊತ್ತ, ಬಡ್ಡಿ ದರ ನೋಡದೆ ಹೇಳಬಲ್ಲೆನೇ?
3. ಮನೆಯಲ್ಲಿ ಯಾರಿಗೂ ಹೇಳದ ಸಾಲ ಇದೆಯೇ? ಇಂದು ಯಾರಿಗೆ ಹೇಳಲಿ?

*ಇಂದಿನ ಸಂಕಲ್ಪ:* ಬೇಕೆನಿಸಿದ ಒಂದು ವಸ್ತುವನ್ನು ಇಂದು ಕೊಳ್ಳದೆ ಬರೆದಿಡುತ್ತೇನೆ. ಮೂರು ರಾತ್ರಿ ಕಾಯುತ್ತೇನೆ.

ಬರುವ ಭಾನುವಾರ ಎಲ್ಲರೂ ಒಂದೊಂದು ಕಾರ್ಡ್ ಬಿಲ್ ತನ್ನಿ, ಹೆಸರು, ನಂಬರ್ ಮುಚ್ಚಿಕೊಂಡು. ಒಟ್ಟಿಗೆ ಕೂತು ಓದೋಣ.

*ಭವತು ಸಬ್ಬ ಮಂಗಲಂ. ಜೈ ಭೀಮ್.*