ಬೆಳೆ ಕಾಲಂ ಎಲ್ಲರೂ ಕೂತು ಓದಿ

ಹೊಲದಲ್ಲಿ ತೊಗರಿ ನಿಂತಿದ್ದರೆ ಸಾಲದು, ಸರಕಾರದ ಕಡತದಲ್ಲೂ ತೊಗರಿಯೇ ನಿಂತಿರಬೇಕು. ಬೆಳೆ ವಿಮೆ, ಬೆಳೆಹಾನಿ ಪರಿಹಾರ, ಬೆಂಬಲ ಬೆಲೆ ಖರೀದಿ ಇವಕ್ಕೆಲ್ಲ ಈಗ ನೋಡೋದು ಬೆಳೆ ಸಮೀಕ್ಷೆಯ ದಾಖಲೆ. ಮಳೆ ನಂಬಿದ ನಮ್ಮಂಥವರಿಗೆ ಒಂದು ಅಕ್ಷರ ತಪ್ಪಿದರೂ ಒಂದು ವರ್ಷದ ಅನ್ನ ಹೋದಂತೆ.

ಮೊದಲೆಲ್ಲ ಪಹಣಿ ಗ್ರಾಮ ಲೆಕ್ಕಿಗರ ಚೀಲದಲ್ಲಿರುತ್ತಿತ್ತು. ಅವರು ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂದು, ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಈಗ ಸರ್ವೆ ನಂಬರು, ಹಿಸ್ಸಾ ಗೊತ್ತಿದ್ದರೆ ಮೊಬೈಲಿನಲ್ಲೇ ನೋಡಬಹುದು.

ಪಹಣಿಯಲ್ಲಿ ಮೂರು ಕಾಲಂ ಮುಖ್ಯ. 9ರಲ್ಲಿ ಒಡೆಯರ ಹೆಸರು. 11ರಲ್ಲಿ ಸಾಲ, ಋಣ. 12ರಲ್ಲಿ ಸಾಗುವಳಿ ಮತ್ತು ಬೆಳೆ. ನಾವು ಸಾಲ ತರಲು ಹೋದಾಗ 9, 11 ನೋಡ್ತೀವಿ. 12ನ್ನು ನೋಡೋರು ಕಮ್ಮಿ.

ಬೆಳೆ ಸಮೀಕ್ಷೆಯವರು ಹೊಲಕ್ಕೆ ಬಂದು, ಬೆಳೆಯ ಫೋಟೋ ತೆಗೆದು ಮೊಬೈಲಿಗೆ ಸೇರಿಸುತ್ತಾರೆ. ರೈತರು ತಾವೇ ಸೇರಿಸಲೂ ಅವಕಾಶವಿದೆ. ಏನು ಬರೆದಿದ್ದಾರೆಂದು 'ಬೆಳೆ ದರ್ಶಕ' ಆ್ಯಪಿನಲ್ಲಿ ನೋಡಿ, ತಪ್ಪಿದ್ದರೆ ಆಕ್ಷೇಪಣೆ ಹಾಕಬಹುದು. ಅದಕ್ಕೆ ಗಡುವು ಇರುತ್ತದೆ.

ಆದರೆ ದಾಖಲೆ ತೆರೆದಿಟ್ಟ ಮಾತ್ರಕ್ಕೆ ಕೆಲಸ ಆಗೋದಿಲ್ಲ, ಓದಬೇಕು. ಓದುವ ರೀತಿಯನ್ನು ರಾಜಸ್ಥಾನದ ಹಳ್ಳಿಯವರಿಂದ ಕಲಿಯಬೇಕು. ಅಲ್ಲಿನ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರಿಂದ ಪಂಚಾಯ್ತಿ ಕಾಮಗಾರಿಯ ಬಿಲ್ಲು, ಕೂಲಿ ಹಾಜರಿ ಪಟ್ಟಿಗಳನ್ನು ಊರ ಜನರ ಮುಂದೆ ಗಟ್ಟಿಯಾಗಿ ಓದಿಸಿದರು. ಕೆಲಸಕ್ಕೆ ಬಾರದವರ ಹೆಸರು, ಆಗದ ಕಾಮಗಾರಿ ಎಲ್ಲ ಅಲ್ಲೇ ಬಯಲಾಯಿತು. ಅಕ್ಷರ ಬಾರದವರೂ ಕಿವಿಯಿಂದ ಕೇಳಿ ತಪ್ಪು ಹಿಡಿದರು. ಇಂಥ ಹೋರಾಟಗಳಿಂದಲೇ 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂತು.

ನಮ್ಮ ಓಣಿಯಲ್ಲೂ ಹಾಗೇ ಮಾಡ್ತಿದ್ದೇವೆ. ಸಮೀಕ್ಷೆ ಮುಗಿದ ಮೇಲೆ ಒಂದು ಸಂಜೆ ಹತ್ತು ಹದಿನೈದು ಮನೆಯವರು ಸರ್ವೆ ನಂಬರು ಬರೆದುಕೊಂಡು ಗುಡಿ ಕಟ್ಟೆಗೆ ಬರ್ತೀವಿ. ಕಾಲೇಜು ಹುಡುಗಿಯೊಬ್ಬಳು ಮೊಬೈಲು ನೋಡಿ ಓದ್ತಾಳೆ. ಒಂದು ಸಲ ತೊಗರಿ ಇದ್ದ ಹೊಲ 'ಪಾಳು' ಅಂತ ಬಂತು. ಪಕ್ಕದ ಹೊಲದವರೇ, "ಅದೆಂಗೆ ಪಾಳು? ನಮ್ಮ ಬದುವಿಗೇ ಅವರ ತೊಗರಿ ತಾಗೈತಲ್ಲ" ಅಂದರು. ಬೆಳೆ ಇನ್ನೂ ನಿಂತಿತ್ತು, ಆಕ್ಷೇಪಣೆ ಹಾಕಿ ಸರಿಯಾಯ್ತು. ಆಚೆ ಓಣಿಯವರೊಬ್ಬರು ನೋಡಿಕೊಂಡದ್ದು ಕೊಯ್ಲಾದ ಮೇಲೆ. ಕಂತು ಕಟ್ಟಿದ್ದರೂ ವಿಮೆ ಕೈಗೆ ಬರಲಿಲ್ಲ.

ನೀವು ಮಾಡಬೇಕಾದ್ದು ಇಷ್ಟೆ:

• ಸಮೀಕ್ಷೆಯವರು ಬಂದಾಗ ಹೊಲದಲ್ಲೇ ಇರಿ. ಅಕ್ಕಡಿ ಬೆಳೆ ಇದ್ದರೆ ಎಲ್ಲವನ್ನೂ ಬರೆಸಿ.

• ಬೆಳೆಯ ಪಕ್ಕ ನಿಂತು ನೀವೂ ಒಂದು ಫೋಟೋ ತೆಗೆಸಿಡಿ.

• ವಿಮೆಗೆ ಕೊಟ್ಟ ಬೆಳೆ ಹೆಸರು, ಸಮೀಕ್ಷೆಯ ಹೆಸರು ಒಂದೇ ಇದೆಯೇ ನೋಡಿ.

• ತಪ್ಪಿದ್ದರೆ ಗಡುವಿನೊಳಗೆ ಆಕ್ಷೇಪಣೆ ಹಾಕಿ, ಅರ್ಜಿಯ ಪ್ರತಿ ಇಟ್ಟುಕೊಳ್ಳಿ.

• ಉತ್ತರ ಬಾರದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು.

ಎಲ್ಲಕ್ಕಿಂತ ಹೆಚ್ಚಾಗಿ, ಬೆಳೆ ಹೊಲದಲ್ಲಿರುವಾಗಲೇ ಓದಿ. ನಿಂತ ಬೆಳೆಯೇ ನಮ್ಮ ಸಾಕ್ಷಿ. ಕೊಯ್ದ ಮೇಲೆ ಉಳಿಯೋದು ಕೂಳೆ ಮಾತ್ರ.