ಹಲ್ಲಿಗೆ ತುಂಬಿದ ಸಿಮೆಂಟಿನ ಆಯುಷ್ಯ

"ಹುಳುಕು ಹಲ್ಲಿಗೆ ಸಿಮೆಂಟು ತುಂಬಿಸಿಯಾಗಿದೆ, ಇನ್ನು ಆ ಹಲ್ಲಿನ ಚಿಂತೆಯಿಲ್ಲ" ಎನ್ನುವ ಭಕ್ತಬಂಧುಗಳು ಅನೇಕರು. ಈ ಭಾವನೆ ಸರಿಯಲ್ಲ. ತುಂಬಿದ ವಸ್ತುವಿಗೂ ಒಂದು ಆಯುಷ್ಯವುಂಟು.

ಹಲ್ಲಿನ ಕುಳಿಯನ್ನು ತುಂಬುವ ಆಲೋಚನೆ ಹಳೆಯದು. ಕೃಮಿದಂತದ ರಂಧ್ರವನ್ನು ಬೆಲ್ಲದಿಂದಲೋ ಜೇನುಮೇಣದಿಂದಲೋ ತುಂಬಿ ದಹಿಸುವ ಕ್ರಮವನ್ನು ವಾಗ್ಭಟಾಚಾರ್ಯರು ಅಷ್ಟಾಂಗಹೃದಯದಲ್ಲಿ ಹೇಳಿದ್ದಾರೆ. ಅದು ವ್ಯಾಧಿಯ ಶಮನಕ್ಕಾಗಿಯೇ ಹೊರತು ವರ್ಷಗಟ್ಟಲೆ ಅಗಿಯುವುದಕ್ಕಲ್ಲ.

ಇಂದು ಮುಖ್ಯವಾಗಿ ಮೂರು ವಸ್ತುಗಳು ಬಳಕೆಯಲ್ಲಿವೆ. ಜನರು ಬೆಳ್ಳಿ ಎನ್ನುವ ಅಮಾಲ್ಗಮ್‌ನಲ್ಲಿ ಬೆಳ್ಳಿ, ತವರ, ತಾಮ್ರಗಳ ಪುಡಿಯೊಡನೆ ಸುಮಾರು ಅರ್ಧದಷ್ಟು ಪಾದರಸವಿರುತ್ತದೆ. ದವಡೆಹಲ್ಲಿನಲ್ಲಿ ಅದು 10-15 ವರ್ಷ ನಿಲ್ಲುವುದು ಸಾಮಾನ್ಯ. ಹಲ್ಲಿನ ಬಣ್ಣದ ಕಾಂಪೋಸಿಟ್ ನೋಡಲು ಚೆಂದ. ಆದರೆ ನೀಲಿ ಬೆಳಕಿಗೆ ಗಟ್ಟಿಯಾಗುವಾಗ ಕೊಂಚ ಕುಗ್ಗುತ್ತದೆ, ಕೂರಿಸುವಾಗ ಜೊಲ್ಲು ತಾಗಿದರೆ ಸರಿಯಾಗಿ ಅಂಟದು. ಆದುದರಿಂದ ಅದರ ಬಾಳಿಕೆ ವೈದ್ಯರ ತಾಳ್ಮೆಯನ್ನೂ ಅವಲಂಬಿಸಿದೆ. ಗ್ಲಾಸ್ ಅಯಾನೋಮರ್ ಫ್ಲೋರೈಡನ್ನು ಒಸರುತ್ತದೆ, ಅಗಿಯುವ ಭಾರಕ್ಕೆ ಬೇಗ ಸವೆಯುತ್ತದೆ. ಮಕ್ಕಳ ಹಾಲುಹಲ್ಲಿಗೆ, ಒಸಡಿನ ಬಳಿಯ ಕುಳಿಗೆ ಒಪ್ಪುತ್ತದೆ.

ತೊಂದರೆ ಹೆಚ್ಚಾಗಿ ಆರಂಭವಾಗುವುದು ಹಲ್ಲೂ ತುಂಬಿದ ವಸ್ತುವೂ ಕೂಡುವ ಅಂಚಿನಲ್ಲಿ. ಕೂದಲೆಳೆಯಷ್ಟು ಸಂದಿ ಸಾಕು, ಹುಳುಕು ಮತ್ತೆ ಒಳಗಿಳಿಯುತ್ತದೆ.

ವಿದ್ಯಾರ್ಥಿದೆಸೆಯಲ್ಲಿ ತುಂಬಿಸಿದ್ದ ನನ್ನ ದವಡೆಹಲ್ಲಿನ ಬೆಳ್ಳಿ ಮೂವತ್ತು ವರ್ಷ ಬಾಳಿತು. ಬಳಿಕ ಅಂಚು ನಾಲಿಗೆಗೆ ಒರಟಾಗಿ ತಾಗತೊಡಗಿತು, ತಣ್ಣೀರಿಗೆ ಹಲ್ಲು ಜುಮ್ಮೆಂದಿತು. ಲವಂಗದೆಣ್ಣೆಯ ಹತ್ತಿಯಿಟ್ಟು ನಾಲ್ಕು ತಿಂಗಳು ದಿನದೂಡಿದೆ. ವೈದ್ಯನಾದ ನಾನೇ ಹೀಗೆ ಮಾಡಿದೆನೆಂದು ಬರೆಯಲು ಸಂಕೋಚವಾಗುತ್ತದೆ. ನೋವು ಅಡಗಿತ್ತು, ಹುಳುಕು ಅಡಗಿರಲಿಲ್ಲ. ಕೊನೆಗೆ ಹಲ್ಲನ್ನೇ ಕೀಳಿಸಬೇಕಾಯಿತು.

ಇದಕ್ಕೆ ವಿರುದ್ಧವಾಗಿ, ಪಾದರಸದ ಭಯದಿಂದ ಗಟ್ಟಿಯಾಗಿರುವ ಹಳೆಯ ಬೆಳ್ಳಿಯನ್ನು ತೆಗೆಸಹೊರಡುವವರೂ ಇದ್ದಾರೆ. ಕೊರೆಯುವಾಗಲೇ ಪಾದರಸದ ಆವಿ ಹೆಚ್ಚು ಹೊರಬರುವುದು. ಜೊತೆಗೆ ಒಳ್ಳೆಯ ಹಲ್ಲೂ ಸ್ವಲ್ಪ ನಷ್ಟವಾಗುತ್ತದೆ. ಸುಸ್ಥಿತಿಯಲ್ಲಿರುವುದನ್ನು ವೈದ್ಯಕೀಯ ಕಾರಣವಿಲ್ಲದೆ ತೆಗೆಸಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2020ರಲ್ಲಿ ಸಲಹೆ ನೀಡಿದೆ. ಆದರೆ ಹೊಸದಾಗಿ ತುಂಬಿಸುವಾಗ ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಚಿಕ್ಕ ಮಕ್ಕಳು, ಮೂತ್ರಪಿಂಡದ ರೋಗಿಗಳು ಪಾದರಸವಿಲ್ಲದ ವಸ್ತುವನ್ನೇ ಕೇಳುವುದು ಲೇಸು.

ತುಂಬಿಸಿದ ಹಲ್ಲನ್ನು ವರ್ಷಕ್ಕೊಮ್ಮೆಯಾದರೂ ದಂತವೈದ್ಯರಿಗೆ ತೋರಿಸಿರಿ. ತಿಂದದ್ದು ಒಂದೇ ಕಡೆ ಸಿಕ್ಕಿಕೊಳ್ಳುತ್ತಿದ್ದರೆ ವರ್ಷ ತುಂಬುವವರೆಗೆ ಕಾಯಬೇಡಿರಿ. ಲವಂಗದೆಣ್ಣೆ ಹಚ್ಚಿದ್ದರೆ ಅದನ್ನೂ ಅವರಿಗೆ ತಿಳಿಸಿರಿ. ಅದರಲ್ಲಿರುವ ಯೂಜಿನಾಲ್ ಕಾಂಪೋಸಿಟ್ ಗಟ್ಟಿಯಾಗಲು ಅಡ್ಡಿಮಾಡುತ್ತದೆ.